ಮೇಲಿದ್ದರೆ ಜಾರುತ್ತೀರಿ, ಕೆಳಗಿದ್ದರೆ ಏಳಲಾರಿರಿ: ಜಿಯು-ಜಿಟ್ಸು ಹಿಡಿತದ ದೋಷ ಹುಡುಕುವ ಬಗೆ

ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯಲು ತೊಡಗಿದವರಿಂದ ಮೊದಲ ವರ್ಷ ಎರಡು ದೂರುಗಳು ತಪ್ಪದೆ ಬರುತ್ತವೆ. ಕಷ್ಟಪಟ್ಟು ಗಾರ್ಡ್ (ಕೆಳಗಿರುವವರು ಎದುರಾಳಿಯನ್ನು ಕಾಲುಗಳಿಂದ ತಡೆದಿಡುವ ಸ್ಥಿತಿ) ದಾಟಿ ಮೇಲೇರಿದರೂ ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಎದುರಾಳಿ ಜಾರಿಕೊಂಡಿರುತ್ತಾರೆ. ತಾವೇ ಕೆಳಗೆ ಸಿಕ್ಕಿಬಿದ್ದರೆ ಎಷ್ಟು ಒದ್ದಾಡಿದರೂ ಮಿಸುಕಾಡಲು ಆಗುವುದಿಲ್ಲ. ಎರಡಕ್ಕೂ ಹೇಳುವ ಕಾರಣ ಒಂದೇ: ಅವರ ತೂಕ ಹೆಚ್ಚು, ನನ್ನ ಬಲ ಸಾಲದು. ಆದರೆ ಒಂದೇ ತೂಕದ ಇಬ್ಬರು ಹೊಸಬರನ್ನು ಜೋಡಿ ಮಾಡಿ, ಸರದಿಯಂತೆ ಮೇಲೆ ಕೆಳಗೆ ಬಿಟ್ಟು ನೋಡಿ. ಇಬ್ಬರೂ ಇದೇ ದೂರನ್ನು ಹೇಳುತ್ತಾರೆ. ಹಾಗಿದ್ದ ಮೇಲೆ ದೋಷವನ್ನು ತೂಕದಲ್ಲಿ ಹುಡುಕಿ ಫಲವಿಲ್ಲ.

ಸೈಡ್ ಕಂಟ್ರೋಲ್ (ಪಕ್ಕದಿಂದ ಎದೆಯ ಮೇಲೆ ಅದುಮಿ ಹಿಡಿಯುವುದು), ಮೌಂಟ್ (ಅಂಗಾತ ಬಿದ್ದವರ ಮೇಲೆ ಎರಡೂ ಬದಿಗೆ ಕಾಲಿಟ್ಟು ಕೂರುವುದು), ಬ್ರಿಜ್ (ಕೆಳಗಿನಿಂದ ಸೊಂಟ ಎತ್ತುವುದು), ಶ್ರಿಂಪ್ (ಮಗ್ಗುಲಾಗಿ ಸೊಂಟವನ್ನು ದೂರ ಸರಿಸುವುದು) ಎಂಬ ಹೆಸರುಗಳು ನಿಮಗೆ ಗೊತ್ತಿವೆ, ತರಗತಿಯಲ್ಲಿ ಮಾಡಿಯೂ ಇದ್ದೀರಿ, ಆದರೆ ರೋಲಿಂಗ್ (ಅಭ್ಯಾಸದ ಕಾದಾಟ) ಶುರುವಾದೊಡನೆ ಯಾವುದೂ ಕೈಗೆ ಬರುವುದಿಲ್ಲ ಎಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊಸ ಪಟ್ಟುಗಳನ್ನು ಇಲ್ಲಿ ಹುಡುಕಬೇಡಿ. ಗೊತ್ತಿರುವ ಪಟ್ಟು ಎಲ್ಲಿ ಕೈಕೊಡುತ್ತಿದೆ ಎಂಬುದನ್ನು ಪತ್ತೆ ಮಾಡುವುದಷ್ಟೇ ಇಲ್ಲಿಯ ಕೆಲಸ.

ಮುಂದೆ ಬರುವ ಎಲ್ಲ ಲಕ್ಷಣಗಳಿಗೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕೆಳಗಿರುವವರ ಮೊಣಕೈಗೂ ಮಂಡಿಗೂ ನಡುವಿನ ಜಾಗವನ್ನು ಯಾರು ಹಿಡಿದುಕೊಂಡಿದ್ದಾರೆ? ಕೆಳಗಿರುವವರು ಒಂದೇ ಮಗ್ಗುಲಿನ ಮೊಣಕೈಯನ್ನೂ ಮಂಡಿಯನ್ನೂ ಒಂದಕ್ಕೊಂದು ತಾಗಿಸಿದರೆ ಮೇಲಿನವರ ದೇಹ ಹೊರಗೇ ಉಳಿಯುತ್ತದೆ. ಗಾರ್ಡ್ ಅಲ್ಲಿಂದಲೇ ಮರಳಿ ಬರುತ್ತದೆ. ಮೇಲಿನವರ ಸೊಂಟವೋ ತೊಡೆಯೋ ಮಂಡಿಯೋ ಆ ಜಾಗದಲ್ಲಿ ಸೇರಿಕೊಂಡರೆ, ಕೆಳಗಿರುವವರು ಎಷ್ಟೇ ಗಟ್ಟಿಗರಾದರೂ ಅವರ ಬಲಕ್ಕೆ ಆಧಾರ ಸಿಗುವುದಿಲ್ಲ. ಹಿಡಿದಿಡುವವರೂ ಬಿಡಿಸಿಕೊಳ್ಳುವವರೂ ಕಾದಾಡುವುದು ಈ ಒಂದು ಗೇಣು ಜಾಗಕ್ಕಾಗಿ.

ದೋಷ ಹುಡುಕುವ ಮುನ್ನ

ಪೂರ್ಣ ರೋಲಿಂಗ್ ನಡುವೆ ದೋಷ ಹುಡುಕಲು ಹೋಗಬೇಡಿ. ಅಲ್ಲಿ ಒಂದರ ಮೇಲೊಂದು ಹತ್ತು ಸಂಗತಿ ನಡೆಯುತ್ತವೆ, ಮುಗಿದ ಮೇಲೆ ನೆನಪಿಗೆ ಬರುವುದು ಕೊನೆಯದೊಂದೇ. ನಿಮ್ಮಷ್ಟೇ ತೂಕದ ಜೊತೆಗಾರರನ್ನು ಆರಿಸಿಕೊಳ್ಳಿ. ಹಿಡಿತ ಕೂತ ಸ್ಥಿತಿಯಿಂದಲೇ ಶುರುಮಾಡಿ, ಒಂದು ನಿಮಿಷದ ಗಡಿ ಇಟ್ಟುಕೊಳ್ಳಿ, ಇಬ್ಬರೂ ಅರ್ಧ ಬಲದಲ್ಲಿ ಆಡಿ. ಹಿಡಿತ ತಪ್ಪಿದೊಡನೆ ನಿಲ್ಲಿಸಿ ಮತ್ತೆ ಅದೇ ಸ್ಥಿತಿಗೆ ಬನ್ನಿ. ಮೊಬೈಲನ್ನು ಗೋಡೆಗೆ ಒರಗಿಸಿ, ನೆಲದ ಮಟ್ಟದಿಂದ, ಪಕ್ಕದಿಂದ ಚಿತ್ರೀಕರಿಸಿ. ಮೇಲಿನಿಂದ ತೆಗೆದ ವಿಡಿಯೊದಲ್ಲಿ ಬೆನ್ನು ಕಾಣುತ್ತದೆಯೇ ಹೊರತು ಎದೆ, ಸೊಂಟಗಳ ನಡುವಿನ ಸಂದು ಕಾಣುವುದಿಲ್ಲ.

ವಿಡಿಯೊ ನೋಡುವಾಗ ಎದುರಾಳಿ ತಪ್ಪಿಸಿಕೊಂಡ ಗಳಿಗೆಯನ್ನೇ ದಿಟ್ಟಿಸಬೇಡಿ. ಅಲ್ಲಿಂದ ಮೂರು ನಾಲ್ಕು ಸೆಕೆಂಡು ಹಿಂದಕ್ಕೆ ಸರಿಯಿರಿ. ಗಾರ್ಡ್ ಕೂಡಿಕೊಂಡದ್ದು ಮಂಡಿ ಒಳಗೆ ಬಂದಾಗ ಎಂದು ನಿಮಗೆ ಅನಿಸಿರುತ್ತದೆ. ಆದರೆ ಮಂಡಿ ಬರುವುದಕ್ಕೆ ಬಹಳ ಮೊದಲೇ ಅವರ ಮುಂಗೈ ನಿಮ್ಮ ಸೊಂಟದ ಮೂಳೆಗೆ ಒತ್ತಿಕೊಂಡು ನಿಂತಿರುವುದು ತೆರೆಯ ಮೇಲೆ ಕಾಣುತ್ತದೆ. ದೋಷ ಅಲ್ಲಿ ಹುಟ್ಟಿದೆ.

ಎಷ್ಟು ಹೊತ್ತು ಹಿಡಿದರೆ ಹಿಡಿದಂತೆ ಎಂಬುದೂ ಸ್ಪಷ್ಟವಿರಲಿ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟದ (ಐಬಿಜೆಜೆಎಫ್) ನಿಯಮದಲ್ಲಿ ಗಾರ್ಡ್ ದಾಟಿದ್ದಕ್ಕೆ 3 ಅಂಕ, ಹೊಟ್ಟೆಯ ಮೇಲೆ ಮಂಡಿ ಇಟ್ಟದ್ದಕ್ಕೆ 2, ಮೌಂಟ್‌ಗೆ 4, ಬೆನ್ನು ಹಿಡಿದದ್ದಕ್ಕೆ 4. ಯಾವ ಅಂಕ ಸಿಗಬೇಕಾದರೂ ಆ ಸ್ಥಿತಿಯಲ್ಲಿ 3 ಸೆಕೆಂಡು ನೆಲೆ ನಿಲ್ಲಬೇಕು. ಜೂಡೊದಲ್ಲಿ 20 ಸೆಕೆಂಡು ಅದುಮಿ ಹಿಡಿದರೆ ಪಂದ್ಯವೇ ಮುಗಿಯುತ್ತದೆ. 1914ರಲ್ಲಿ ಬ್ರೆಜಿಲ್‌ಗೆ ಬಂದಿಳಿದ ಮಿತ್ಸುಯೊ ಮಾಯೆಡಾ ಜೂಡೊದ ಮೂಲ ಶಾಲೆಯಾದ ಕೊಡೊಕಾನ್‌ನಲ್ಲಿ ಪಳಗಿದ ಜೂಡೊ ಪಟು. ಅವರಿಂದ ಹೊರಟ ವಿದ್ಯೆಯೇ ಬ್ರೆಜಿಲ್‌ನ ಗ್ರೇಸಿ ಮನೆತನದ ಕೈಯಲ್ಲಿ ಬೆಳೆಯಿತು. ಅದುಮಿ ಹಿಡಿಯುವ ಪಟ್ಟುಗಳು ಅಲ್ಲಿಂದ ಬಂದರೂ, ಹಿಡಿದಿಟ್ಟ ಮಾತ್ರಕ್ಕೆ ಗೆಲುವು ಎಂಬ ಗಡಿಯಾರ ಜಿಯು-ಜಿಟ್ಸುವಿನಲ್ಲಿ ಇಲ್ಲ. ಮೇಲಿನವರು ಇಲ್ಲಿ ಹಿಡಿತದಿಂದ ಮುಂದಿನ ಹೆಜ್ಜೆಗೆ ಹೋಗಲೇಬೇಕು. ಕೆಳಗಿರುವವರಿಗೆ ಮೊದಲ 3 ಸೆಕೆಂಡು ಅತ್ಯಮೂಲ್ಯ. ಅದು ಕಳೆದ ಮೇಲೆ ಗಾಬರಿಗೆ ಕಾರಣವಿಲ್ಲ, ತಾಳ್ಮೆಗೆ ಬೇಕಾದಷ್ಟು ಕಾಲವಿದೆ.

ಲಕ್ಷಣ: ಸೈಡ್ ಕಂಟ್ರೋಲ್ ಹಿಡಿದರೂ ಗಾರ್ಡ್ ಮತ್ತೆ ಕೂಡಿಕೊಳ್ಳುತ್ತದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದೇ. ಇದಕ್ಕೆ ಕಾರಣ ಮೂರು ಕಡೆ ಇರಬಹುದು, ಒಂದೊಂದಾಗಿ ನೋಡಬೇಕು. ನೀವು ಎದುರಾಳಿಯ ಬಲಮಗ್ಗುಲಿನಲ್ಲಿದ್ದೀರಿ, ನಿಮ್ಮ ಎಡಗೈ ಅವರ ತಲೆಯ ಕೆಳಗೆ, ಬಲಗೈ ಅವರ ಆಚೆ ಕಂಕುಳಿನ ಕೆಳಗೆ ಇದೆ ಎಂದುಕೊಳ್ಳೋಣ.

ಮೊದಲು ತೂಕ ಎಲ್ಲಿ ಇಳಿಯುತ್ತಿದೆ ನೋಡಿ. ಎರಡೂ ಮಂಡಿಗಳನ್ನು ಮ್ಯಾಟ್‌ನಿಂದ ಎರಡು ಬೆರಳಿನಷ್ಟು ಮೇಲೆತ್ತಿ, ಕಾಲ್ಬೆರಳುಗಳ ಮೇಲೆ ನಿಲ್ಲಿ. ‘ಈಗ ಭಾರ ಹೆಚ್ಚಾಯಿತೇ?’ ಎಂದು ಜೊತೆಗಾರರನ್ನು ಕೇಳಿ. ಬಹಳ ಹೆಚ್ಚಾಯಿತು ಎಂದರೆ, ಅಲ್ಲಿಯವರೆಗೆ ನಿಮ್ಮ ತೂಕವನ್ನು ಹೊತ್ತದ್ದು ನಿಮ್ಮ ಮಂಡಿಗಳು. 80 ಕಿಲೊ ತೂಗುವವರೂ ಮಂಡಿಯ ಮೇಲೆ ಕುಳಿತರೆ ಕೆಳಗಿರುವವರಿಗೆ ಹಗುರ. ಮಂಡಿಗಳನ್ನು ಯಾವಾಗಲೂ ಎತ್ತಿಯೇ ಇರಬೇಕೆಂದು ಇದರ ಅರ್ಥವಲ್ಲ. ಮಂಡಿ ನೆಲಕ್ಕೆ ತಾಗಿದ್ದರೂ ಅದರ ಮೇಲೆ ಭಾರ ಬಿಡದಿರುವುದನ್ನು ಕಲಿಯಬೇಕು. ಎತ್ತಿ ಇಳಿಸಿ ನೋಡಿದರೆ ಆ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ.

ಎರಡನೆಯದು ಮುಖ. ನಿಮ್ಮ ಎಡ ಹೆಗಲು ಅವರ ಬಲ ದವಡೆಯ ಮೇಲೆ ಕೂತು, ಮುಖವನ್ನು ಆಚೆಗೆ ತಿರುಗಿಸಿರಬೇಕು. ಇದೇ ಕ್ರಾಸ್‌ಫೇಸ್. ಕೆಳಗಿರುವವರು ಗಾರ್ಡ್‌ಗೆ ಮರಳಬೇಕಾದರೆ ನಿಮ್ಮ ಕಡೆಗೆ ಮಗ್ಗುಲಾಗಲೇಬೇಕು, ಮುಖ ಆಚೆಗಿರುವಾಗ ಮೈ ಈಚೆಗೆ ಹೊರಳುವುದು ತೀರ ಕಷ್ಟ. ಪರೀಕ್ಷೆ ಸುಲಭ: ಹಿಡಿತ ಕೂತ ಮೇಲೆ ಅವರ ಕಣ್ಣುಗಳನ್ನು ನೋಡಲು ಪ್ರಯತ್ನಿಸಿ. ಕಣ್ಣು ಕಂಡರೆ ನಿಮ್ಮ ಹೆಗಲು ಜಾಗದಲ್ಲಿಲ್ಲ. ಇಲ್ಲಿ ಒಂದು ಮರ್ಯಾದೆಯ ಮಾತು. ದವಡೆಯ ಮೇಲೆ ಹೆಗಲನ್ನು ಭಾರವಾಗಿ ಇಡುವುದು ಬೇರೆ, ಮುಂಗೈಯ ಮೂಳೆಯಿಂದ ಮೂಗನ್ನೂ ತುಟಿಯನ್ನೂ ಉಜ್ಜುವುದು ಬೇರೆ. ಎರಡನೆಯದು ನೋವು ಕೊಡುತ್ತದೆ, ಹಿಡಿತ ಕೊಡುವುದಿಲ್ಲ. ಅಭ್ಯಾಸದಲ್ಲಿ ಅದನ್ನು ಮಾಡಬೇಡಿ.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಮುಖ್ಯವಾದದ್ದು, ನಿಮ್ಮ ಕಡೆಗಿರುವ ಅವರ ಬಲ ಮೊಣಕೈ. ಅದು ಮ್ಯಾಟ್‌ಗೆ ತಾಗಿಕೊಂಡು, ನಿಮ್ಮ ಹೊಟ್ಟೆಗೂ ಅವರ ಪಕ್ಕೆಲುಬಿಗೂ ನಡುವೆ ಸುಖವಾಗಿ ಮಲಗಿದ್ದರೆ, ಉಳಿದೆಲ್ಲ ಸರಿಯಿದ್ದರೂ ನೀವು ಹೆಚ್ಚು ಹೊತ್ತು ಅಲ್ಲಿರುವುದಿಲ್ಲ. ಆ ಮೊಣಕೈ ನಿಂತಲ್ಲಿ ಮಂಡಿ ಬಂದು ಸೇರುತ್ತದೆ. ನಿಮ್ಮ ಎಡ ಮಂಡಿಯನ್ನು ಅವರ ಕಂಕುಳಿನ ಕಡೆಗೆ ಇಂಚಿಂಚಾಗಿ ನಡೆಸಿ, ಅವರ ತೋಳಿನ ಅಡಿಗೆ ತೂರಿಸಿ. ಮೊಣಕೈ ನೆಲ ಬಿಟ್ಟು ನಿಮ್ಮ ತೊಡೆಯ ಮೇಲೇರಿದರೆ ಅದರ ಕೆಲಸ ಮುಗಿಯಿತು. ಈಗ ಬಲ ಮಂಡಿ ಅವರ ಸೊಂಟಕ್ಕೆ ಅಂಟಿರಲಿ. ಅವರು ಸೊಂಟ ಸರಿಸಿ ಬಲ ಮಂಡಿಯನ್ನು ಒಳಗೆ ತರಲು ನೋಡಿದರೆ, ನಿಮ್ಮ ಬಲಗೈಯನ್ನು ಅಂಡರ್‌ಹುಕ್‌ನಿಂದ (ಕಂಕುಳಿನ ಕೆಳಗಿನ ಹಿಡಿತ) ಬಿಡಿಸಿ ಅವರ ಸೊಂಟಕ್ಕೂ ನಿಮ್ಮ ಮಂಡಿಗೂ ನಡುವೆ ಮ್ಯಾಟ್ ಮೇಲೆ ಊರಿ; ಇಳಿಜಾರಿನಲ್ಲಿ ನಿಂತ ಗಾಡಿಯ ಗಾಲಿಗೆ ಕೊಟ್ಟ ಕಲ್ಲಿನಂತೆ ಆ ಕೈ ಅಲ್ಲಿ ಸುಮ್ಮನೆ ಇದ್ದರೆ ಸಾಕು, ತಳ್ಳುವ ಅಗತ್ಯವಿಲ್ಲ.

ಮೂರೂ ಸರಿಯಿದ್ದು ಮತ್ತೆಯೂ ಜಾರುತ್ತಿದ್ದರೆ, ನೀವು ನಿಂತಲ್ಲೇ ನಿಂತಿದ್ದೀರಿ ಎಂದರ್ಥ. ಅವರ ಸೊಂಟ ಆಚೆಗೆ ಸರಿದಾಗ ಹೊಸಬರು ತಲೆಯನ್ನೂ ಎದೆಯನ್ನೂ ಇನ್ನಷ್ಟು ಬಲವಾಗಿ ಒತ್ತುತ್ತಾರೆ. ಕಾಲುಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ಸೊಂಟ ಸರಿದರೆ ನಿಮ್ಮ ಸೊಂಟವೂ ಸರಿಯಬೇಕು. ಅವರು ತೀರ ದೂರ ಸರಿದರೆ ತಲೆಯ ಕಡೆಗೆ ಸುತ್ತಿ ನಾರ್ತ್-ಸೌತ್‌ಗೆ (ತಲೆಯ ಕಡೆಯಿಂದ ಎದೆಯ ಮೇಲೆ ಅದುಮುವ ಸ್ಥಿತಿ) ಹೋಗಿ, ಇಲ್ಲವೇ ಎದ್ದು ಹೊಟ್ಟೆಯ ಮೇಲೆ ಮಂಡಿ ಇಡಿ. ಒಂದೇ ಸ್ಥಿತಿಗೆ ಅಂಟಿಕೊಳ್ಳುವ ಹಟ ಹಿಡಿತವನ್ನು ಉಳಿಸುವುದಿಲ್ಲ.

ಲಕ್ಷಣ: ಸೈಡ್ ಕಂಟ್ರೋಲ್‌ನಿಂದ ಇಡಿಯಾಗಿ ಉರುಳಿಸಿಬಿಡುತ್ತಾರೆ

ಇದು ಮೇಲಿನದರ ವಿರುದ್ಧ ತುದಿ. ಭಾರ ಹಾಕುವ ಭರದಲ್ಲಿ ಎದೆ ಅವರ ಎದೆಯನ್ನು ದಾಟಿ ಆಚೆಗೆ ಹೋಗಿರುತ್ತದೆ, ಸೊಂಟ ಮೇಲೆದ್ದಿರುತ್ತದೆ, ಎರಡೂ ಕೈಗಳು ಅವರ ಮೈಯನ್ನು ಬಿಗಿಯಾಗಿ ಅಪ್ಪಿರುತ್ತವೆ. ಊರಲು ಒಂದು ಕೈಯೂ ಖಾಲಿ ಇರುವುದಿಲ್ಲ. ಪರೀಕ್ಷೆಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎದೆಯೊಂದರಿಂದಲೇ ಮೇಲಿರಿ. ಜೊತೆಗಾರರು ನಿಧಾನವಾಗಿ ಬ್ರಿಜ್ ಮಾಡಲಿ. ಮುಂದಕ್ಕೆ ಮುಗ್ಗರಿಸಿದರೆ ನಿಮ್ಮ ಎದೆಯನ್ನು ಅವರ ಎದೆಗೂಡಿನ ನಡುವಿಗೆ ಹಿಂದೆ ತನ್ನಿ, ಬಲಗಾಲನ್ನು ಹಿಂದಕ್ಕೆ ಚಾಚಿ ಸೊಂಟವನ್ನು ತಗ್ಗಿಸಿ. ಕೈಗಳಿಲ್ಲದೆ ನಿಲ್ಲಲು ಬಂದವರಿಗೆ ಕೈಗಳು ಬಂದಾಗ ಎಷ್ಟು ಅನುಕೂಲವೆಂದು ಮಾಡಿಯೇ ನೋಡಬೇಕು.

ಮುಂಗೈ ಬೇಗ ದಣಿಯುತ್ತದೆ, ಬೆರಳುಗಳು ಬಿಗಿದುಕೊಳ್ಳುತ್ತವೆ ಎಂಬ ದೂರಿಗೂ ಮೂಲ ಇದೇ. ಗೀ ಎಂಬ ಅಭ್ಯಾಸದ ಉಡುಪಿನ ಬಟ್ಟೆಯನ್ನು ಜಗ್ಗಿ ಹಿಡಿಯುವುದನ್ನೇ ನಂಬಿಕೊಂಡವರು, ಅದನ್ನು ತೊಡದೆ ಆಡುವ ನೋ-ಗೀ ತರಗತಿಗೆ ಬಂದು ಬೆವರಿನಲ್ಲಿ ಜಾರಿದಾಗ ಇದು ಬಯಲಾಗುತ್ತದೆ.

ಲಕ್ಷಣ: ಮೌಂಟ್‌ನಿಂದ ಪಕ್ಕಕ್ಕೆ ಎಸೆಯುತ್ತಾರೆ

ಕೆಳಗಿನವರು ನಿಮ್ಮ ಒಂದು ತೋಳನ್ನು ಎದೆಗೆ ಅಪ್ಪಿಕೊಂಡು, ಅದೇ ಮಗ್ಗುಲಿನ ನಿಮ್ಮ ಪಾದದ ಹೊರಗೆ ತಮ್ಮ ಪಾದವನ್ನು ಸಿಕ್ಕಿಸಿ, ಸೊಂಟವನ್ನು ಎತ್ತಿ ಆ ಹೆಗಲಿನ ಮೇಲೆ ಓರೆಯಾಗಿ ಉರುಳುತ್ತಾರೆ. ಉಪಾ ಎಂದು ಇದಕ್ಕೆ ಹೆಸರು. ಇದು ಕೆಲಸ ಮಾಡಲು ಒಂದೇ ಮಗ್ಗುಲಿನ ಕೈ ಮತ್ತು ಕಾಲು ಎರಡೂ ಸಿಕ್ಕಿರಬೇಕು. ಆದ್ದರಿಂದ ವಿಡಿಯೊದಲ್ಲಿ ನೋಡಬೇಕಾದ್ದು ಇಷ್ಟೇ: ನಿಮ್ಮ ಯಾವ ಕೈ ಅವರ ಎದೆಯ ಮೇಲೆ ಊರಿಕೊಂಡಿತ್ತು? ಅವರ ಎದೆಯ ಮೇಲೆ ಅಂಗೈ ಊರಿ ಸಮತೋಲ ಕಾಯುವುದು ಹೊಸಬರ ಸಹಜ ಅಭ್ಯಾಸ. ಸೆರೆಸಿಕ್ಕುವ ತೋಳು ಅದೇ. ಕೈಗಳನ್ನು ಅವರ ತಲೆಯ ಆಚೀಚೆ, ಅಗಲವಾಗಿ ಮ್ಯಾಟ್ ಮೇಲೆ ಊರಿ. ಒಂದು ಕೈ ಸಿಕ್ಕಿತೆಂದು ಕಂಡರೆ ಅದೇ ಮಗ್ಗುಲಿನ ಪಾದವನ್ನು ತಕ್ಷಣ ಒಳಕ್ಕೆ ಎಳೆದುಕೊಳ್ಳಿ. ಎರಡರಲ್ಲಿ ಒಂದು ಬಿಡುವಾಗಿದ್ದರೆ ಉರುಳುವುದಿಲ್ಲ.

ಇನ್ನೊಂದು ಪರಿಹಾರ ಕುಳಿತ ಜಾಗದಲ್ಲಿದೆ. ಬ್ರಿಜ್‌ನ ಬಲ ಹುಟ್ಟುವುದು ಸೊಂಟದಲ್ಲಿ. ನೀವು ಸೊಂಟದ ಮೇಲೆಯೇ ಕುಳಿತಿದ್ದರೆ ಅಷ್ಟೂ ಬಲ ನೇರವಾಗಿ ನಿಮಗೆ ತಗಲುತ್ತದೆ. ಮಂಡಿಗಳನ್ನು ಅವರ ಕಂಕುಳಿನವರೆಗೆ ಏರಿಸಿ ಎದೆಯ ಮೇಲೆ ಕುಳಿತರೆ ಅವರ ಸೊಂಟ ಎತ್ತುವುದು ಬರಿಯ ಗಾಳಿಯನ್ನು. ಜೊತೆಗೆ ಅವರ ಮೊಣಕೈಗಳು ನಿಮ್ಮ ಮಂಡಿಗಿಂತ ಮೇಲೆ ಹೋಗಿರುತ್ತವೆ. ಕೆಳಗಿನ ಮಂಡಿಯನ್ನು ಸೇರುವ ದಾರಿಯೇ ಅವಕ್ಕೆ ಇರುವುದಿಲ್ಲ.

ಲಕ್ಷಣ: ಮೌಂಟ್ ಹಾಫ್ ಗಾರ್ಡ್ ಆಗಿಬಿಡುತ್ತದೆ

ಇಲ್ಲಿ ಉರುಳಾಟ ಇಲ್ಲ, ಸದ್ದಿಲ್ಲದೆ ನಿಮ್ಮ ಕಾಲೊಂದು ಅವರ ಕಾಲುಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಇದೇ ಹಾಫ್ ಗಾರ್ಡ್. ಹತ್ತಿರದಿಂದ ನೋಡಿ. ಕೆಳಗಿನವರು ಒಂದು ಮಗ್ಗುಲಿಗೆ ತುಸು ವಾಲುತ್ತಾರೆ. ನಿಮ್ಮ ಮಂಡಿಗೂ ಅವರ ಪಕ್ಕೆಗೂ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಅವರ ಮೊಣಕೈಯ ತುದಿ ಆ ಸಂದಿಗೆ ಇಳಿಯುತ್ತದೆ. ಮುಂಗೈ ನಿಮ್ಮ ತೊಡೆಯ ಒಳಮೈಗೆ ಅಡ್ಡ ನಿಲ್ಲುತ್ತದೆ. ಸೊಂಟ ಒಂದಿಷ್ಟು ಹಿಂದೆ ಸರಿಯುತ್ತದೆ. ಆಮೇಲೆ ಅವರ ಮಂಡಿ ಆ ಮುಂಗೈಯ ಅಡಿಯಲ್ಲೇ ಜಾರಿ ಒಳಗೆ ಬರುತ್ತದೆ. ಆರು ಹಂತಗಳಲ್ಲಿ ನಿಮಗೆ ತಿಳಿಯುವುದು ಕೊನೆಯದು. ತಡೆಯಬಹುದಾದದ್ದು ಎರಡನೆಯದು ಮತ್ತು ಮೂರನೆಯದು.

ಮೊಣಕೈ ಇಳಿಯುತ್ತಿದೆ ಎಂದು ತೊಡೆಗೆ ಗೊತ್ತಾದ ಕ್ಷಣ, ಆ ಮಗ್ಗುಲಿನ ಮಂಡಿಯನ್ನು ಪಕ್ಕೆಗೆ ಒತ್ತಿಕೊಂಡೇ ಮೇಲಕ್ಕೆ ಜಾರಿಸಿ, ಮೊಣಕೈಯನ್ನು ಕಂಕುಳಿನ ಕಡೆಗೆ ತಳ್ಳಿಕೊಂಡು ಹೋಗಿ. ಕೈಯಿಂದ ಅವರ ಮಣಿಕಟ್ಟನ್ನು ಹಿಡಿದು ಎತ್ತಿದರೆ ಇನ್ನೂ ಬೇಗ. ಅವರು ಪೂರ್ತಿ ಮಗ್ಗುಲಾದರೆ ಮತ್ತೆ ಅಂಗಾತ ಮಾಡಲು ಗುದ್ದಾಡಬೇಡಿ. ಒಂದು ಮಂಡಿಯನ್ನು ಅವರ ತಲೆಯ ಹಿಂದಕ್ಕೂ ಇನ್ನೊಂದು ಪಾದವನ್ನು ಹೊಟ್ಟೆಯ ಮುಂದಕ್ಕೂ ತಂದು ಟೆಕ್ನಿಕಲ್ ಮೌಂಟ್‌ಗೆ ಬನ್ನಿ. ಅಲ್ಲಿಂದ ಬೆನ್ನು ಹತ್ತಿರ.

ಪಟ್ಟು ಹಾಕಲು ಹೋಗಿ ಮೌಂಟ್ ಕಳೆದುಕೊಳ್ಳುವವರಿಗೆ ಒಂದೇ ಮಾತು: ಅವರ ಮೊಣಕೈ ಮೇಲೇರುವ ಮೊದಲು ಆರ್ಮ್‌ಬಾರ್‌ಗೆ (ಮೊಣಕೈಗೆ ಹಾಕುವ ಬೀಗ) ಕಾಲು ಎತ್ತಬೇಡಿ.

ಇನ್ನು ಕೆಳಗಿನಿಂದ: ಬ್ರಿಜ್ ಮಾಡಿ ಮಾಡಿ ಸುಸ್ತಾಗುತ್ತದೆ, ಏನೂ ಆಗುವುದಿಲ್ಲ

ಕೆಳಗೆ ಸಿಕ್ಕವರಲ್ಲಿ ನೋಡುವ ದೋಷಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಬ್ರಿಜ್ ಎಂದರೆ ಮೇಲಿನವರನ್ನು ಎಸೆಯುವ ಚಲನೆ ಎಂದು ನಂಬಿ, ಬೆನ್ನು ನೆಟ್ಟಗಿಟ್ಟು ಆಕಾಶದತ್ತ ಎತ್ತುತ್ತಾರೆ. ಮೇಲಿನವರು ಒಂದು ಗೇಣು ಎದ್ದು ಮತ್ತೆ ಅದೇ ಜಾಗದಲ್ಲಿ ಇಳಿಯುತ್ತಾರೆ, ಈ ಬಾರಿ ಇನ್ನೂ ಗಟ್ಟಿಯಾಗಿ.

ತೋಳು, ಪಾದ ಎರಡನ್ನೂ ಸೆರೆ ಹಿಡಿದಿಲ್ಲದಿದ್ದರೆ ಬ್ರಿಜ್ ಎಸೆಯುವುದಿಲ್ಲ. ಸಂದನ್ನು ಮಾತ್ರ ಕೊಡುತ್ತದೆ, ಅದೂ ಅರೆಗಳಿಗೆ. ಆ ಅರೆಗಳಿಗೆಯಲ್ಲಿ, ಮೇಲಿನವರ ಭಾರ ಇನ್ನೂ ಗಾಳಿಯಲ್ಲಿರುವಾಗ, ಫ್ರೇಮ್ (ಭಾರ ತಡೆಯಲು ಅಡ್ಡ ಇಟ್ಟ ಮುಂಗೈ) ಒಳಗೆ ಹೋಗಬೇಕು. ಸೊಂಟ ಕೆಳಗಿಳಿಯುವಾಗ ಹಿಂದಿನ ಜಾಗಕ್ಕೆ ಇಳಿಯದೆ ಪಕ್ಕಕ್ಕೆ ಇಳಿಯಬೇಕು. ಬ್ರಿಜ್ ಮತ್ತು ಶ್ರಿಂಪ್ ಎರಡು ಬೇರೆ ಬೇರೆ ಚಲನೆಗಳೆಂದು ತರಗತಿಯ ಆರಂಭದಲ್ಲಿ ಸಾಲಾಗಿ ಮಾಡಿಸುತ್ತಾರೆ. ಕೆಳಗಿರುವಾಗ ಅವು ಒಂದೇ ಚಲನೆಯ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ.

ಇದನ್ನು ಅಳೆಯಲು ಮ್ಯಾಟ್‌ನ ಜೋಡಣೆಯ ಗೆರೆ ಒಳ್ಳೆಯ ಸಾಧನ. ಆ ಗೆರೆ ಬೆನ್ನುಮೂಳೆಯ ಕೆಳಗೆ ಬರುವಂತೆ ಮಲಗಿ, ಜೊತೆಗಾರರನ್ನು ಮೇಲೆ ಕೂರಿಸಿಕೊಂಡು ಒಂದು ಸಲ ಬ್ರಿಜ್, ಶ್ರಿಂಪ್ ಮಾಡಿ ನಿಲ್ಲಿಸಿ. ಪೃಷ್ಠ ಗೆರೆಯಿಂದ ಎಷ್ಟು ದೂರ ಬಂದಿದೆ? ಗೆರೆಯ ಮೇಲೆಯೇ ಇದ್ದರೆ ನೀವು ಮಾಡಿದ್ದು ಬರಿಯ ವ್ಯಾಯಾಮ. ಸೊಂಟ ಅಲುಗದೆ ಹೆಗಲುಗಳು ಮಾತ್ರ ಸರಿದಿದ್ದರೆ ಕಾಲುಗಳು ಕೆಲಸ ಮಾಡಿಲ್ಲ. ಹಿಮ್ಮಡಿಯನ್ನು ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಮಾಡಿ. ಹಿಮ್ಮಡಿ ದೂರವಿದ್ದಷ್ಟೂ ಸೊಂಟ ಏಳುವುದು ಕಡಿಮೆ.

ಬ್ರಿಜ್ ಯಾವಾಗಲೂ ಒಂದು ಹೆಗಲಿನ ಮೇಲೆ, ಓರೆಯಾಗಿ ಇರಲಿ. ನೆತ್ತಿಯ ಮೇಲೆ, ಕುತ್ತಿಗೆಗೆ ಎರಡು ಮೈಗಳ ಭಾರ ಬೀಳುವಂತೆ ಮಾಡಬೇಡಿ.

ಲಕ್ಷಣ: ತಳ್ಳಿದ ಕೈಗೇ ಬೀಗ ಬೀಳುತ್ತದೆ

ಎದೆಯ ಮೇಲೆ ಭಾರ ಬಿದ್ದರೆ ಎರಡೂ ಕೈ ಚಾಚಿ ಮೇಲಕ್ಕೆ ತಳ್ಳುವುದು ಮನುಷ್ಯನ ಸ್ವಭಾವ. ಜಿಯು-ಜಿಟ್ಸುವಿನಲ್ಲಿ ನೆಟ್ಟಗಾದ ತೋಳು ಆರ್ಮ್‌ಬಾರ್‌ಗೆ ಆಹ್ವಾನ, ಕಂಕುಳಿನಿಂದ ದೂರ ಹೋದ ಮೊಣಕೈ ಅಮೆರಿಕಾನಾಕ್ಕೆ (ಹೆಗಲಿಗೆ ಹಾಕುವ ಬೀಗ) ಆಹ್ವಾನ. ಫ್ರೇಮ್ ಹಾಕಿದ್ದೇನೆ ಎಂದುಕೊಂಡವರಲ್ಲಿ ಅನೇಕರು ಹಾಗೆ ತಳ್ಳುತ್ತಿರುತ್ತಾರೆ. ವ್ಯತ್ಯಾಸ ತಿಳಿಯಲು, ಫ್ರೇಮ್ ಇಟ್ಟುಕೊಂಡು ಜೊತೆಗಾರರಿಗೆ ನಿಧಾನವಾಗಿ ಭಾರ ಬಿಡಲು ಹೇಳಿ. ತೋಳಿನ ಹಿಂಭಾಗ ನಡುಗಿದರೆ ಅದು ತಳ್ಳುವಿಕೆ. ಭಾರ ಮೂಳೆಯಲ್ಲೇ ಹಾದು ಹೆಗಲಿನಿಂದ ಮ್ಯಾಟ್‌ಗೆ ಇಳಿದರೆ ಅದು ಫ್ರೇಮ್. ಸೈಡ್ ಕಂಟ್ರೋಲ್‌ನ ಕೆಳಗೆ ಒಂದು ಮುಂಗೈ ಅವರ ಕುತ್ತಿಗೆಗೆ ಅಡ್ಡ, ಇನ್ನೊಂದು ಅವರ ಸೊಂಟದ ಮೂಳೆಗೆ ಅಡ್ಡ. ಮೊಣಕೈಗಳೆರಡೂ ಮಡಿಚಿ ಮೈಗೆ ಹತ್ತಿರ. ಅವರನ್ನು ಮೇಲೆತ್ತಲು ಇದನ್ನು ಬಳಸಬೇಡಿ. ಅವರು ಇದ್ದಲ್ಲೇ ಇರಲಿ. ಫ್ರೇಮ್‌ಗೆ ಒರಗಿಕೊಂಡು ನಿಮ್ಮ ಮೈಯನ್ನು ನೀವು ದೂರ ಒಯ್ಯಿರಿ.

ಲಕ್ಷಣ: ತಪ್ಪಿಸಿಕೊಳ್ಳಲು ಹೋಗಿ ಬೆನ್ನು ಕೊಡುತ್ತೇನೆ

ಗರಡಿಯಲ್ಲಿ ಪಳಗಿ ಜಿಯು-ಜಿಟ್ಸುವಿಗೆ ಬಂದವರಲ್ಲಿ ಇದನ್ನು ವಿಶೇಷವಾಗಿ ನೋಡಬಹುದು, ಮತ್ತು ಇದಕ್ಕೆ ಗೌರವಿಸಬೇಕಾದ ಕಾರಣವಿದೆ. ನಮ್ಮ ಮಟ್ಟಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಕೆಳಗೆ ಬಿದ್ದ ಪೈಲ್ವಾನರು ಬೋರಲಾಗಿ, ಮಣ್ಣಿಗೆ ಎದೆ ಅಂಟಿಸಿ, ಮೇಲಿನವರು ಎಷ್ಟು ಜಗ್ಗಿದರೂ ಹೊರಳದೆ ಉಳಿಯುವುದನ್ನು ದಸರಾ ಕುಸ್ತಿ ನೋಡಿದವರೆಲ್ಲ ಬಲ್ಲರು. ವರ್ಷಗಟ್ಟಲೆ ಮೈಗೂಡಿಸಿಕೊಂಡ ಆ ರಕ್ಷಣೆ ಜಿಯು-ಜಿಟ್ಸುವಿನ ಮ್ಯಾಟ್ ಮೇಲೆ ತಿರುಗುಬಾಣವಾಗುತ್ತದೆ. ಬೋರಲಾದೊಡನೆ ಎದುರಾಳಿ ಎರಡು ಕಾಲುಗಳನ್ನು ತೊಡೆಗಳ ಒಳಗೆ ಸಿಕ್ಕಿಸಿ ಬೆನ್ನೇರುತ್ತಾರೆ. 4 ಅಂಕ ಹೋಯಿತೆಂಬುದು ಚಿಕ್ಕ ಸಂಗತಿ, ಮುಂದೆ ಕುತ್ತಿಗೆಗೆ ತೋಳು ಬೀಳುತ್ತದೆ.

ಕುಸ್ತಿಯಿಂದ ಬಂದವರಿಗೆ ಉಳಿದದ್ದೆಲ್ಲ ಅನುಕೂಲವೇ. ಸೊಂಟದ ಬಲ, ಎದುರಾಳಿಯ ಭಾರ ಯಾವ ಕಡೆ ವಾಲುತ್ತಿದೆಯೆಂದು ಮೈಯಿಂದಲೇ ಅರಿಯುವ ಶಕ್ತಿ, ಮೇಲಿದ್ದಾಗ ಹಿಡಿದಿಡುವ ಗಟ್ಟಿತನ ಇವು ಹೊಸಬರಿಗೆ ಸುಲಭವಾಗಿ ಸಿಗುವಂಥವಲ್ಲ. ಬದಲಿಸಬೇಕಾದ್ದು ತಿರುಗುವ ದಿಕ್ಕು. ಸೈಡ್ ಕಂಟ್ರೋಲ್‌ನಲ್ಲಿ ಸಿಕ್ಕರೆ ಮೇಲಿನವರ ಕಡೆಗೇ ಮುಖ ಮಾಡಿ ಮಗ್ಗುಲಾಗಿ, ಮೊಣಕೈಯನ್ನು ಮಂಡಿಗೆ ಸೇರಿಸಿ. ಮಂಡಿಯ ಮೇಲೆ ಏಳಲೇಬೇಕೆಂದರೆ ಮೊದಲು ಅವರ ಕಂಕುಳಿನ ಕೆಳಗೆ ಅಂಡರ್‌ಹುಕ್ ಹಾಕಿ, ಅವರ ಕಡೆಗೇ ಏಳಿ. ಬೆನ್ನು ಮ್ಯಾಟ್‌ಗೆ ತಾಗಿರುವುದು ಇಲ್ಲಿ ಸೋಲಲ್ಲವೆಂದು ಮೈ ಒಪ್ಪಿಕೊಳ್ಳಲು ಕಾಲ ಬೇಕು. ಅದಕ್ಕಾಗಿ ಗಾರ್ಡ್‌ನಲ್ಲಿ ಅಂಗಾತ ಮಲಗಿಯೇ ಆಟ ಶುರುಮಾಡುವ ಸುತ್ತುಗಳನ್ನು ಹೆಚ್ಚು ಆಡಿ.

ಲಕ್ಷಣ: ಮಂಡಿ ಒಳಗೆ ಬಂತು, ಆದರೂ ಅದುಮಿ ಹಾಕಿದರು

ಅರ್ಧ ದಾರಿಯಲ್ಲಿ ಉಸಿರು ಬಿಡಲು ನಿಂತಿದ್ದೀರಿ. ಹಾಫ್ ಗಾರ್ಡ್ ಸಿಕ್ಕಿದ ನೆಮ್ಮದಿಯಲ್ಲಿ ಅಂಗಾತವಾದರೆ ಮೇಲಿನವರು ಕ್ರಾಸ್‌ಫೇಸ್ ಹಾಕಿ ಕಾಲು ಬಿಡಿಸಿಕೊಳ್ಳುತ್ತಾರೆ. ಗಾರ್ಡ್ ಮತ್ತೆ ದಾಟಿದರೆ ಅವರಿಗೆ ಮತ್ತೆ 3 ಅಂಕ, ನೀವು ಮೌಂಟ್‌ನಿಂದ ತಪ್ಪಿಸಿಕೊಂಡದ್ದಕ್ಕೆ ಅಂಕವೇ ಇಲ್ಲ. ಕಾಲು ಸಿಕ್ಕಿದ ಕೂಡಲೇ ಮಗ್ಗುಲಾಗಿಯೇ ಉಳಿದು ಅಂಡರ್‌ಹುಕ್‌ಗಾಗಿ ಹೋರಾಡಿ, ತಲೆಯನ್ನು ಅವರ ಎದೆಯ ಕೆಳಗೆ ತನ್ನಿ.

ಇನ್ನೊಂದು ತಿಳಿದಿರಲಿ: ಸೈಡ್ ಕಂಟ್ರೋಲ್ ಕೆಳಗಿನಿಂದ ಉರುಳಿಸಿ ಮೇಲೆ ಬಂದರೆ ಐಬಿಜೆಜೆಎಫ್ ಲೆಕ್ಕದಲ್ಲಿ ಅದು ಸ್ವೀಪ್ ಅಲ್ಲ, 2 ಅಂಕ ಬರುವುದಿಲ್ಲ, ಸ್ವೀಪ್ ಗಾರ್ಡ್‌ನಿಂದಲೋ ಹಾಫ್ ಗಾರ್ಡ್‌ನಿಂದಲೋ ಶುರುವಾಗಬೇಕು. ಸ್ಪರ್ಧೆಯಲ್ಲಿ ಅಂಕದಲ್ಲಿ ಹಿಂದಿದ್ದಾಗ ಗಾರ್ಡ್ ಕೂಡಿಸಿಕೊಂಡು ಅಲ್ಲಿಂದ ಸ್ವೀಪ್ ಮಾಡುವುದು ಆ ಕಾರಣಕ್ಕೇ ಮೇಲು.

ಲಕ್ಷಣ: ಕೆಳಗೆ ಸಿಕ್ಕೊಡನೆ ಉಸಿರು ಕಟ್ಟುತ್ತದೆ

ಇದನ್ನು ಹೇಳಲು ಅನೇಕರು ಸಂಕೋಚಪಡುತ್ತಾರೆ. ಪಡಬೇಕಾಗಿಲ್ಲ. ಎದೆಯ ಮೇಲೆ ಮತ್ತೊಬ್ಬರ ಭಾರ, ಮುಖದ ಮೇಲೆ ಬೆವರಿದ ಬಟ್ಟೆ ಇರುವಾಗ ಗಾಬರಿಯಾಗುವುದು ಸಹಜ, ಮತ್ತು ಗಾಬರಿಯಾದವರು ಉಸಿರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತಾರೆ. ಗಲ್ಲವನ್ನು ಒಂದು ಬದಿಗೆ ತಿರುಗಿಸಿ ಮೂಗು, ಬಾಯಿಗೆ ಜಾಗ ಮಾಡಿಕೊಳ್ಳಿ. ಅಂಗಾತ ಇರುವ ಬದಲು ಒಂದಿಷ್ಟೇ ಮಗ್ಗುಲಾಗಿ. ಭಾರ ಎದೆಯ ನಡುವಿನಿಂದ ಪಕ್ಕೆಗೆ ಸರಿದು ಉಸಿರಾಟ ತಕ್ಷಣ ಸಲೀಸಾಗುತ್ತದೆ. ಬ್ರಿಜ್ ಮಾಡುವಾಗ ಉಸಿರನ್ನು ಹೊರಗೆ ಬಿಡಿ. ಗಾಬರಿ ಇಳಿಯದಿದ್ದರೆ ಟ್ಯಾಪ್ ಮಾಡಿ (ಕೈ ತಟ್ಟಿ ಬಿಡಲು ಹೇಳಿ), ಬರಿಯ ಭಾರಕ್ಕೆ ಟ್ಯಾಪ್ ಮಾಡಲು ಯಾವ ಅಡ್ಡಿಯೂ ಇಲ್ಲ. ಹಗುರವಾದ, ನಂಬಿಕೆಯ ಜೊತೆಗಾರರನ್ನು ಮೇಲೆ ಮಲಗಿಸಿಕೊಂಡು, ತಪ್ಪಿಸಿಕೊಳ್ಳುವ ಯತ್ನವಿಲ್ಲದೆ, ಬರಿದೆ ಉಸಿರಾಡುವುದನ್ನು ಪ್ರತಿ ತರಗತಿಯ ಕೊನೆಗೆ ಒಂದು ನಿಮಿಷ ಮಾಡಿದರೆ ಇದು ನಿಧಾನವಾಗಿ ಕಡಿಮೆಯಾಗುತ್ತದೆ.

ಉಸಿರು ಎಳೆದಾಗ, ಕೆಮ್ಮಿದಾಗ ಪಕ್ಕೆಯಲ್ಲಿ ಚುಚ್ಚಿದಂತೆ ನೋವಾದರೆ ಅದು ಬೇರೆ ಮಾತು. ಪಕ್ಕೆಲುಬಿಗೆ ಏಟಾಗಿರಬಹುದು, ಮ್ಯಾಟ್‌ನಿಂದ ಹೊರಗೆ ಬಂದು ವೈದ್ಯರಿಗೆ ತೋರಿಸಿ. ಕುತ್ತಿಗೆಯ ನೋವು, ಕೈಗೆ ಜೋಮು ಹಿಡಿದ ಅನುಭವಕ್ಕೂ ಇದೇ ಅನ್ವಯ.

ಕಾರಣ ಸಿಗದಿದ್ದರೆ

ಎಲ್ಲ ಪರೀಕ್ಷೆ ಮಾಡಿಯೂ ದೋಷ ತಿಳಿಯದಿದ್ದರೆ ಒಮ್ಮೆಗೆ ಒಂದೇ ಸಂಗತಿಯನ್ನು ಬದಲಿಸಿ ನೋಡಿ. ಈ ವಾರ ಸೈಡ್ ಕಂಟ್ರೋಲ್‌ನಲ್ಲಿ ಎಡ ಮಂಡಿಯ ಜಾಗ ಮಾತ್ರ. ಕ್ರಾಸ್‌ಫೇಸ್ ಹೇಗಿದೆಯೋ ಹಾಗೆಯೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಕೊಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ. ಒಬ್ಬರೇ ಜೊತೆಗಾರರ ಮೇಲೆ ಹಿಡಿತ ತಪ್ಪಿ ಉಳಿದವರ ಮೇಲೆ ನಿಲ್ಲುತ್ತಿದ್ದರೆ ಅವರನ್ನೇ ಕೇಳಿ. ನೀವು ಯಾವ ಗಳಿಗೆಯಲ್ಲಿ ಹಗುರಾಗುತ್ತೀರಿ ಎಂಬುದು ನಿಮ್ಮ ತರಬೇತುದಾರರಿಗಿಂತ ಚೆನ್ನಾಗಿ ನಿಮ್ಮ ಕೆಳಗೆ ಮಲಗಿದವರಿಗೆ ಗೊತ್ತಿರುತ್ತದೆ. ನಿಮ್ಮಷ್ಟೇ ತೂಕದವರೊಂದಿಗೆ ಒಂದು ನಿಮಿಷ ನಿಲ್ಲಲು ಬಂದ ಮೇಲೆ ಹತ್ತು ಕಿಲೊ ಹೆಚ್ಚಿನವರೊಂದಿಗೆ ಅದೇ ಪರೀಕ್ಷೆ ಮಾಡಿ. ಅಲ್ಲಿ ಮತ್ತೆ ತಪ್ಪಿದರೆ ವಿಡಿಯೊವನ್ನು ಮೂರು ನಾಲ್ಕು ಸೆಕೆಂಡು ಹಿಂದಕ್ಕೆ ಒಯ್ದು, ಮೊಣಕೈ ಎಲ್ಲಿತ್ತು ಎಂದು ನೋಡುವುದರಿಂದ ಪುನಃ ಶುರುಮಾಡಿ.